ಕಿಟಕಿಗೆ ಬಂದ ಗುಡ್ಡ

ನಮ್ಮ ಊರಿಗೆ ಬರುವ ಬಸ್ಸಿನ ಕಂಡಕ್ಟರು ನಾಕಾದ ಹತ್ತಿರ ತಲೆ ಹೊರಗೆ ಹಾಕಿ, "ಇವತ್ತ ಗುಡ್ಡ ಯಾವ ಕಡೆ ಐತ್ರೀ?" ಎಂದು ಕೇಳುತ್ತಾನೆ. ಚಹದ ಅಂಗಡಿಯವನು ಕೈ ಮಾಡಿ ತೋರಿಸುತ್ತಾನೆ. ಅದರ ಮೇಲೆ ಬಸ್ಸು ಕೆರೆಯ ದಂಡೆ ಹಿಡಿದು ಬರಬೇಕೋ ಸಂತೆ ಬಯಲು ಸುತ್ತಿ ಬರಬೇಕೋ ಎಂಬುದು ತೀರ್ಮಾನವಾಗುತ್ತದೆ. ನಾನು ಮಿಶನ್ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಭೂಗೋಳದ ಪರೀಕ್ಷೆಯಲ್ಲಿ ಗುಡ್ಡ ಯಾವ ದಿಕ್ಕಿಗಿದೆ ಎಂಬ ಪ್ರಶ್ನೆ ಇದ್ದರೆ, ಮಕ್ಕಳು ಉತ್ತರ ಬರೆಯುವ ಮೊದಲು ಎದ್ದು ಕಿಟಕಿಯಿಂದ ನೋಡಲು ಅಪ್ಪಣೆ ಕೇಳುತ್ತಿದ್ದರು. ಕೊಡುತ್ತಿದ್ದೆ. ಸರ್ವೆಯವರು ಒಮ್ಮೆ ಬಂದು, ನಕ್ಷೆಯಲ್ಲಿ ಗುಡ್ಡವನ್ನು ಎಲ್ಲಿ ಬರೆಯುವುದೆಂದು ತಿಳಿಯದೆ, ಊರನ್ನೇ ಬಿಟ್ಟು ಹೋದರು.

ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದವನು ಬೆಟ್ಟಕ್ಕೆ ಹೋಗು ಎಂದರೆ ಅದು ಹೋಗುತ್ತದೆ ಎಂದು ಸತ್ಯವೇದದಲ್ಲಿದೆ. ನಮ್ಮ ಊರಿನಲ್ಲಿ ಹೋಗುತ್ತದೆ. ಎಲ್ಲರ ಮಾತಿಗೂ ಹೋಗುವುದಿಲ್ಲ. ಯಾರ ಮಾತಿಗೆ ಹೋದೀತು ಎಂದು ಮೊದಲೇ ಹೇಳಲು ಬರುವುದಿಲ್ಲ. ಕುಡಿದು ಬಿದ್ದ ಒಬ್ಬ ಗಾಡಿಯವನ ಮಾತಿಗೆ ಅದು ಕೆರೆಯಾಚೆ ಹೋದದ್ದನ್ನು ನಾನು ಕಂಡಿದ್ದೇನೆ. ಕಣ್ಣೀರು ಸುರಿಸಿ ಕೀರ್ತನೆ ಹಾಡುವವರು ಗಂಟಲು ಹರಿಯುವಂತೆ ಕೂಗಿದರೂ ಕದಲದೆ ಇದ್ದದ್ದನ್ನೂ ಕಂಡಿದ್ದೇನೆ. ಗುಡ್ಡ ಬಂದು ನಿಂತಲ್ಲಿ ಯಾರದಾದರೂ ಬಿಸಿಲು ಹೋಗುತ್ತದೆ, ಯಾರದಾದರೂ ನೀರು ತಿರುಗುತ್ತದೆ. ಆದಕಾರಣ ಹಿರಿಯರ ಅಪ್ಪಣೆ ಇಲ್ಲದೆ ಯಾರೂ ಗುಡ್ಡಕ್ಕೆ ಮಾತಾಡಬಾರದೆಂದು ನಮ್ಮ ಕ್ರೈಸ್ತ ಸಭೆಯಲ್ಲಿ ಕಟ್ಟಳೆ ಇದೆ. ಮಾತಾಡಿದವರ ಹೆಸರನ್ನು ಭಾನುವಾರದ ಆರಾಧನೆಯಲ್ಲಿ ಕರೆಯಬೇಕು. ಹೆಸರು ಬಂದವರು ತಾವು ಕೂತ ಜಾಗದಲ್ಲೇ ಎದ್ದು, ಒಂದು ಕೀರ್ತನೆ ಮುಗಿಯುವ ತನಕ ನಿಂತಿರಬೇಕು. ಅಷ್ಟೇ ಶಿಕ್ಷೆ. ಆದರೆ ಅದಕ್ಕೆ ಜನ ಹೆದರುತ್ತಾರೆ.

ಹೆಸರು ಕರೆಯುವ ಕೆಲಸ, ಅಪ್ಪಣೆಯಾದಾಗ ಗುಡ್ಡಕ್ಕೆ ಹೇಳುವ ಕೆಲಸ, ಪಾಠ ಓದುವ ಕೆಲಸ, ಮೂರೂ ಬಹುಕಾಲದಿಂದ ನನ್ನವು. ನಾನು ಹೇಳಿದಾಗ ಗುಡ್ಡ ಹೋಗುತ್ತಿತ್ತು. ಅದಕ್ಕಾಗಿ ನಾನು ಹಿಗ್ಗಿದವನಲ್ಲ. ಬರೆದದ್ದು ಬರೆದಂತೆ ಆಗುತ್ತದೆ, ಅದರಲ್ಲಿ ನನ್ನದೇನು ಎಂದು ತಿಳಿದಿದ್ದೆ. ಈಗಿನ ಪಾದ್ರಿ ಅಯ್ಯನವರು, ಜಯಪಾಲರು, ಓದಿದ ತರುಣರು. ಊರಿಗೆ ಬಂದ ಮೊದಲ ಭಾನುವಾರ ಅದೇ ವಾಕ್ಯದ ಮೇಲೆ ಪ್ರಸಂಗ ಮಾಡಿ, "ಇಲ್ಲಿ ಬೆಟ್ಟವೆಂದರೆ ನಮ್ಮ ಬಾಳಿನ ಕಷ್ಟಗಳು, ಇದು ಅಲಂಕಾರದ ಮಾತು" ಎಂದರು. ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಗುಡ್ಡ ಎಡದಿಂದ ಬಲಕ್ಕೆ ದಾಟುತ್ತಿತ್ತು. ಆ ದಿನ ಪಶುವೈದ್ಯರಿಗೆ ದಾರಿ ಬೇಕೆಂದು ಅಪ್ಪಣೆಯಾಗಿ, ಆರಾಧನೆಗೆ ಬರುವ ಮುಂಚೆ ನಾನೇ ಹೇಳಿಬಂದಿದ್ದೆ. ಸಭೆಯವರೆಲ್ಲ ಕಿಟಕಿಯ ಕಡೆ ನೋಡುವುದನ್ನು ಕಂಡು ಅಯ್ಯನವರೂ ತಿರುಗಿ ನೋಡಿದರು. ಆಮೇಲೆ ಆ ಪ್ರಸಂಗವನ್ನು ಅವರು ಮುಂದುವರಿಸಲಿಲ್ಲ.

ನನ್ನ ಹೆಂಡತಿಯ ಹೆಸರು ಯೂನಿಕೆ. ಅವಳ ತಂಗಿ ಲೋವಿ. ಎರಡೂ ಹೆಸರುಗಳು ತಿಮೊಥೆಯನಿಗೆ ಬರೆದ ಪತ್ರದ ಒಂದೇ ವಾಕ್ಯದಿಂದ ತೆಗೆದವು. ಅಲ್ಲಿ ಲೋವಿ ತಾಯಿ, ಯೂನಿಕೆ ಮಗಳು. ಮಾವನವರು ಅವಸರದಲ್ಲಿ ಹಿರಿಯವಳಿಗೆ ಮಗಳ ಹೆಸರನ್ನೂ ಕಿರಿಯವಳಿಗೆ ತಾಯಿಯ ಹೆಸರನ್ನೂ ಇಟ್ಟುಬಿಟ್ಟರು. "ನಮ್ಮಪ್ಪ ವಾಕ್ಯ ಪೂರಾ ಓದಲಿಲ್ಲ, ಅದಕ್ಕ ನಾ ಹುಟ್ಟುತ್ತಲೇ ಇವಳ ಅವ್ವ ಆದೆ" ಎಂದು ಲೋವಿ ನಗಿಸುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅದು ತಪ್ಪು, ತಿದ್ದಬೇಕಿತ್ತು ಎಂದೇ ಅನ್ನಿಸುತ್ತಿತ್ತು.

ಚಳಿಗಾಲದಲ್ಲಿ ಯೂನಿಕೆಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ದೊಡ್ಡ ಆಸ್ಪತ್ರೆಯವರು ನೋಡಿ, ಮನೆಗೆ ಕರೆದುಕೊಂಡು ಹೋಗಿ, ಬೇಕಾದ್ದು ತಿನ್ನಿಸಿ ಎಂದರು. ರೋಗಿಯಾದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ನಂಬಿಕೆಯ ಪ್ರಾರ್ಥನೆ ಅವನನ್ನು ಉಳಿಸುತ್ತದೆ ಎಂದು ಯಾಕೋಬನ ಪತ್ರದಲ್ಲಿದೆ. ಬರೆದಂತೆಯೇ ಮಾಡಿದೆ. ಹಿರಿಯರಲ್ಲಿ ಒಬ್ಬರನ್ನೂ ಬಿಡಲಿಲ್ಲ. ಕಾಲು ಮುರಿದುಕೊಂಡಿದ್ದ ಒಬ್ಬರನ್ನು ಕುರ್ಚಿಯ ಸಮೇತ ಹೊತ್ತು ತಂದೆವು. ಎಣ್ಣೆ ಮಾತ್ರ ಮನೆಯಲ್ಲಿದ್ದ ಕುಸುಬಿ ಎಣ್ಣೆ. ನಾವು ಪ್ರಾರ್ಥಿಸುವಾಗ ಯೂನಿಕೆ ಕಣ್ಣು ಮುಚ್ಚಿಕೊಂಡಿದ್ದಳು. ಹಣೆಯಿಂದ ಎಣ್ಣೆ ಕಿವಿಯ ಕಡೆಗೆ ಇಳಿಯಿತು. ಲೋವಿ ಅದನ್ನು ಸೆರಗಿನಿಂದ ಒರೆಸಲು ಬಂದಾಗ ನಾನು ಬೇಡವೆಂದು ಕೈ ಹಿಡಿದೆ.

ಆ ವಾರದಲ್ಲೇ ಒಂದು ಮುಂಜಾನೆ ನಾನು ಹಾಲಿಗೆ ಹೋಗಿ ಬರುವಷ್ಟರಲ್ಲಿ ಗುಡ್ಡ ನಮ್ಮ ಮನೆಯ ಹಿತ್ತಿಲಿಗೆ ಬಂದು ನಿಂತಿತ್ತು. ಯೂನಿಕೆ ಮಲಗಿದ್ದ ಕೋಣೆಯ ಕಿಟಕಿಯಿಂದ ಕೈ ಚಾಚಿದರೆ ಕವಳಿ ಗಿಡಗಳು ಸಿಗುವಂತಿದ್ದವು. ಆಗ ಕವಳಿ ಹೂ ಬಿಡುವ ಕಾಲ. ಕೋಣೆಯ ತುಂಬ ಅದರ ವಾಸನೆ. ನನಗೆ ಸಿಟ್ಟು ಬಂತು. ರೋಗಿಯಿರುವ ಮನೆಯ ಮೇಲೆ ಗುಡ್ಡ ತಂದು ಇಟ್ಟವರು ಯಾರು? ಭಾನುವಾರ ಹೆಸರು ಕರೆದೇ ಕರೆಯುತ್ತೇನೆ ಎಂದು ಅವಳ ಮುಂದೆ ಕೂಗಾಡಿದೆ. "ಇರ್ಲಿ ಬಿಡ್ರಿ ಮಾಸ್ತರ್ರ, ಛಂದ ಐತಿ" ಎಂದು ಅವಳು ಗೋಡೆಯ ಕಡೆ ಮಗ್ಗುಲಾದಳು. ಭುಜ ಅಲುಗುತ್ತಿದ್ದವು. ನೋವು ಬಂತೆಂದು ನಾನು ನೀರು ತರಲು ಹೋದೆ. ಭಾನುವಾರ ಸಭೆಯಲ್ಲಿ ಮೂರು ಸಲ ಕೇಳಿದೆ. ಯಾರೂ ಏಳಲಿಲ್ಲ. ಮರು ವಾರ ಯೂನಿಕೆ ತೀರಿಕೊಂಡಳು.

ಆ ಕೋಣೆಯ ಕಿಟಕಿಯನ್ನು ಮುಚ್ಚಿ ಅಗಳಿ ಹಾಕಿದೆ. ಜನ ನನ್ನ ದುಃಖ ನೋಡಿ ಗುಡ್ಡದ ಮಾತೆತ್ತಲಿಲ್ಲ. ಆದರೆ ಅದು ನಿಂತ ಜಾಗ ಕೆಟ್ಟದ್ದಾಗಿತ್ತು. ಅದರ ಆ ಮಗ್ಗುಲಿನ ಬುಡದಲ್ಲಿ ಕಂಬಳಿ ನೇಯುವವರ ಕೆಳಗಿನ ಓಣಿ. ಗಂಜಿ ಹಾಕಿದ ಕಂಬಳಿಗೆ ಬಿಸಿಲು ಬೇಕು. ಅದು ಹೋಯಿತು. ಅದಕ್ಕಿಂತ ದೊಡ್ಡ ಭಯ ಮಳೆಯದು. ಅವರ ಮಗ್ಗಗಳು ನೆಲದೊಳಗೆ ಕುಣಿ ತೋಡಿ ಕೂಡಿಸಿದವು. ಗುಡ್ಡದ ನೀರು ಓಣಿಗೆ ಇಳಿದರೆ ಮೊದಲು ತುಂಬುವುದು ಆ ಕುಣಿಗಳು.

ಮುಂಗಾರಿನ ಮಿರಗದ ಮಳೆ ಹತ್ತಿರ ಬಂದಾಗ ಆ ಓಣಿಯ ಮಾಳಪ್ಪ ಬಂದ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ತೆಗೆದ.

"ಮಾಸ್ತರ್ರ, ನಿಮ್ಮ ಗುಡ್ಡ ನಮ್ಮ ಬಾಗಿಲದಾಗ ಬಂದ ಕುಂತೈತಿ. ಬೀಗರ ಬಂದಾಂಗ ಬಂತು, ಎದ್ದ ಹೋಗವಲ್ದು."

"ನಂದೇನೋ ಅದು?"

"ನಿಮ್ಮ ದೇವ್ರ ಮಾತ ಕೇಳ್ತೈತಲ್ರೀ. ನಾವ ಹೇಳಿ ನೋಡೀವಿ. ನಮ್ಮ ಮುದುಕಿ ಕಾಯಿ ಒಡದ ಹೇಳಿದಳು. ಕಾಯಿ ಹೋತು, ಗುಡ್ಡ ಹೋಗಲಿಲ್ಲ."

"ಬ್ಯಾರೇದವರಿಗೆ ಹೇಳು ಮಾಳಪ್ಪ. ನನ್ನ ಕಡೆಯಿಂದ ಆಗೂದಿಲ್ಲ."

ಅವನು ಅಡಿಕೆ ಚೀಲ ಕಟ್ಟಿಕೊಂಡು ಎದ್ದ. ಹೋಗುವಾಗ, "ಅಕ್ಕಾರು ಇದ್ದಿದ್ರ ಹಿಂಗ ಅಂತಿದ್ದಿಲ್ರಿ ನೀವು" ಎಂದ.

ಅವನಿಗೆ ಹೇಗೆ ತಿಳಿಸುವುದು? ನಾನು ಹೇಳಿ ಗುಡ್ಡ ಹೋಯಿತೆನ್ನಿ. ಆಗ ನನ್ನಲ್ಲಿ ನಂಬಿಕೆ ಇತ್ತೆಂದಾಯಿತು, ಅದೇ ನಂಬಿಕೆಯಿಂದ ಮಾಡಿದ ಪ್ರಾರ್ಥನೆ ಯೂನಿಕೆಯನ್ನು ಉಳಿಸಲಿಲ್ಲ, ಯಾಕೋಬನ ಮಾತು ನನ್ನ ಮನೆಯಲ್ಲಿ ಸುಳ್ಳಾಯಿತು. ಗುಡ್ಡ ಹೋಗಲಿಲ್ಲವೆನ್ನಿ. ಆಗ ಮಾತು ನಿಜ, ನನ್ನ ನಂಬಿಕೆಯೇ ಪೊಳ್ಳು, ಅವಳು ಸತ್ತದ್ದು ನನ್ನಿಂದ. ಎರಡರಲ್ಲಿ ಯಾವುದನ್ನು ತಿಳಿಯಲೂ ನನಗೆ ಧೈರ್ಯವಿರಲಿಲ್ಲ. ಗುಡ್ಡಕ್ಕೆ ಮಾತಾಡದೆ ಇದ್ದರೆ ಎರಡೂ ತಿಳಿಯುವುದಿಲ್ಲ. ಹೀಗೆ ಕಿಟಕಿ ಮುಚ್ಚಿಕೊಂಡು ಕೂತಿದ್ದೆ.

ಒಂದು ಸಂಜೆ ಅಯ್ಯನವರು ಬಂದರು. ಅವರನ್ನು ಕೇಳಿದೆ: "ಸತ್ಯವೇದದ ದೇಶದಾಗ ಎಣ್ಣಿ ಅಂದ್ರ ಒಲಿವ ಮರದ ಎಣ್ಣಿ. ನಾವು ಕುಸುಬಿ ಎಣ್ಣಿ ಹಚ್ಚಿದಿವಿ. ಅದರಿಂದ ತಪ್ಪಾತೇನ್ರಿ?"

"ಮಾಸ್ತರರೇ, ದೇವರು ಎಣ್ಣೆಯ ಜಾತಿ ಕೇಳುತ್ತಾನೆಯೆ?"

"ಆ ಮಾತಿನ ಅರ್ಥ ಬ್ಯಾರೆ ಐತಿ ಅಂತೀರೇನು?"

ಅವರು ತಲೆ ತಗ್ಗಿಸಿದರು. "ನನಗೆ ಕಾಲೇಜಿನಲ್ಲಿ ಹೇಳಿಕೊಟ್ಟ ಅರ್ಥ ಇದೆ. ಉಳಿಸುವುದೆಂದರೆ ಕಡೆಯ ದಿನದಲ್ಲಿ ಸತ್ತವರನ್ನು ಎಬ್ಬಿಸುವುದು ಎಂದು. ನಿಮ್ಮ ಮುಂದೆ ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಮೊನ್ನೆ ಕೆಳಗಿನ ಓಣಿಯವರು ಎಳೆದುಕೊಂಡು ಹೋದರು. ಹಿರಿಯರ ಅಪ್ಪಣೆ ಪಡೆದು ಗುಡ್ಡಕ್ಕೆ ಹೇಳಿದೆ. ಹೋಗಲಿಲ್ಲ. ಅವರೇ ಪಾಪ, ಮಜ್ಜಿಗೆ ಕೊಟ್ಟು ಕಳಿಸಿದರು."

"ನಿಮಗ ಏನ ಅನ್ನಿಸ್ತು?"

"ಭಾನುವಾರ ಜನ ಬರುತ್ತಾರೋ ಇಲ್ಲವೋ ಅನ್ನಿಸಿತು. ಎಲ್ಲರೂ ಬಂದರು, ಮಾಸ್ತರರೇ. ಎಂದಿನಂತೆ ಪ್ರಸಂಗದಲ್ಲಿ ನಿದ್ದೆ ಮಾಡಿದರು." ಆಮೇಲೆ ಮೆಲ್ಲಗೆ, "ಮುಂದಿನ ಭಾನುವಾರದ ಪಾಠ ಯಾಕೋಬನ ಐದನೆಯ ಅಧ್ಯಾಯ. ಬೇರೆಯವರಿಂದ ಓದಿಸಲೆ?" ಎಂದರು.

"ಓದಸ್ರಿ" ಎಂದೆ.

ಎರಡು ದಿನ ಬಿಟ್ಟು ಲೋವಿ ಬಂದಳು. ಯೂನಿಕೆಯ ಸೀರೆಗಳನ್ನು ಬೇಕಾದವರಿಗೆ ಕೊಡು ಎಂದು ನಾನೇ ಹೇಳಿಕಳಿಸಿದ್ದೆ. ಅಕ್ಕನ ಕೊನೆಯ ದಿನಗಳಲ್ಲಿ ಉಣ್ಣಿಸಿದವಳು, ತೊಳೆದವಳು ಅವಳೇ. ಕೋಣೆಗೆ ಹೋದವಳು ಟ್ರಂಕಿನ ಮುಚ್ಚಳ ತೆಗೆದಳು, ಮೂಗು ಮುಚ್ಚಿಕೊಂಡಳು, ನೇರವಾಗಿ ಹೋಗಿ ಕಿಟಕಿಯ ಅಗಳಿಗೆ ಕೈ ಹಾಕಿದಳು.

"ತಗೀಬ್ಯಾಡ" ಎಂದೆ.

"ಸೀರಿಗೆ ಮುಗ್ಗ ವಾಸನಿ ಹತ್ತೈತಿ ಭಾವ. ನಿಮಗೂ ಹತ್ತೈತಿ." ಅವಳು ತೆಗೆದೇಬಿಟ್ಟಳು.

ಗುಡ್ಡ ಅಲ್ಲೇ ಇತ್ತು. ಹೂವಾಗಿದ್ದವೆಲ್ಲ ಹಣ್ಣಾಗಿದ್ದವು. ಕಪ್ಪು ಕವಳಿ ಹಣ್ಣು ಗೊಂಚಲು ಗೊಂಚಲಾಗಿ ಕಿಟಕಿಯ ಸರಳಿಗೆ ತಗಲುತ್ತಿದ್ದವು. ಲೋವಿ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ಸೀರೆ ಮಡಚತೊಡಗಿದಳು.

"ಮಾಳಪ್ಪ ಬಂದಿದ್ದನಂತಲ್ಲ."

"ಬಂದಿದ್ದ."

"ಒಲ್ಲೆ ಅಂದ್ರಂತಲ್ಲ. ಮಳಿ ಇವತ್ತ ನಾಳಿ ಅಂತೈತಿ. ಮಗ್ಗ ಕಿತ್ತ ಹೊರಗ ಹಾಕಾಕ ಹತ್ಯಾರ ಅವರು."

"ಯಾರ ತಂದ ಇಟ್ಟಾರೋ ಅವರ ತಗೀಲಿ. ಮೂರ ಸಲ ಕೇಳೀನಿ ಸಭಾದಾಗ. ಯಾರರೆ ಎದ್ರೇನು?"

ಲೋವಿಯ ಕೈ ನಿಂತಿತು. "ಅವರು ಏಳಾಂಗಿಲ್ಲ ಭಾವ."

"ಯಾಕ ಏಳಾಂಗಿಲ್ಲ?"

"ನೀವ ಮಣ್ಣ ಕೊಟ್ಟ ಬಂದೀರಿ."

ನಾನು ಹಾಸಿಗೆಯಿಲ್ಲದ ಮಂಚದ ಮೇಲೆ ಕೂತೆ. ಅವಳು ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಲ್ಲ ಹೇಳಿದಳು. ನಾನು ಹಾಲಿಗೆ ಹೋದಾಗ ಯೂನಿಕೆ ಅವಳನ್ನು ಎಬ್ಬಿಸಿ, ತನ್ನನ್ನು ಕಿಟಕಿಯ ಕಡೆ ತಿರುಗಿಸಲು ಹೇಳಿದಳಂತೆ. ಕವಳಿ ಹೂ ಬಿಟ್ಟಿರಬೇಕು, ಮದುವೆಯಾದ ವರ್ಷ ಮಾಸ್ತರರು ಕರೆದುಕೊಂಡು ಹೋಗಿದ್ದರು, ಆಮೇಲೆ ತಾನು ಗುಡ್ಡ ಹತ್ತಲೇ ಇಲ್ಲ ಎಂದಳಂತೆ. ಕಿತ್ತು ತರುತ್ತೇನೆಂದು ಲೋವಿ ಏಳುವಷ್ಟರಲ್ಲಿ ಯೂನಿಕೆ ಗುಡ್ಡದ ಕಡೆ ನೋಡಿ, ಎಮ್ಮೆ ಕರೆಯುವಂತೆ, "ಬಾರವ್ವ ಇತ್ತ" ಎಂದಳಂತೆ.

"ಬಂತು ಭಾವ. ನಾ ಚೀರೇಬಿಟ್ಟೆ. ಅಕ್ಕ ನನ್ನ ಬಾಯಿ ಮುಚ್ಚಿದಳು. 'ಮಾಸ್ತರ್ರಿಗೆ ಹೇಳಬ್ಯಾಡ, ಸಭಾದಾಗ ನನ್ನ ಹೆಸರ ಕರದಾರು, ನನಗ ಎದ್ದ ನಿಲ್ಲಾಕ ಆಗೂದಿಲ್ಲ' ಅಂದಳು. ನೀವ ಬಂದ ಕೂಗ್ಯಾಡಿದ್ರಲ್ಲ, ಆಕಿ ಗ್ವಾಡಿ ಕಡೆ ತಿರುಗಿ ನಗಾಕ ಹತ್ತಿದ್ದಳು. ನೀವ ಬ್ಯಾನಿ ಅಂತ ತಿಳದು ನೀರ ತರಾಕ ಹೋದ್ರಿ."

ನನಗೆ ಮೊದಲು ಬಂದದ್ದು ಸಿಟ್ಟು. ನನ್ನನ್ನು ಕಟ್ಟಿಕೊಂಡು ಅಷ್ಟು ವರ್ಷ ಬಾಳಿದವಳು ನನ್ನ ಬೆನ್ನ ಹಿಂದೆ ನಕ್ಕಳೇ? ಆಮೇಲೆ ಬೇರೆ ಮಾತು ಎದೆಗೆ ಬಂದು ನಿಂತಿತು. ಗುಡ್ಡ ಕರೆದರೆ ಬರುವಷ್ಟು ನಂಬಿಕೆ ಇದ್ದವಳು ಕವಳಿ ಹೂ ಕೇಳಿದಳೇ? ಬೇರೇನೂ ಕೇಳಬೇಕೆನ್ನಿಸಲಿಲ್ಲವೇ? ನಾನು ಬಾಯಿಬಿಟ್ಟು ಹೇಳುವ ಮೊದಲೇ ಲೋವಿ ಹೇಳಿದಳು:

"ನಾ ಕೇಳಿದೆ ಭಾವ. ಅಕ್ಕ, ಇಷ್ಟ ನಂಬಿಕಿ ಇದ್ದಾಕಿ ಬ್ಯಾನಿಗೆ ಹೋಗು ಅನ್ನಬಾರದಾ ಅಂದೆ. 'ಅಂದೀನವ್ವ' ಅಂದಳು. 'ಮೊದಲ ಅದನ್ನ ಅಂದೆ. ಇವತ್ತೂ ಅಂದೆ. ಅದು ಹೋಗಲಿಲ್ಲ. ಆಮ್ಯಾಲ ಗುಡ್ಡಕ್ಕ ಅಂದೆ, ಅದು ಬಂತು' ಅಂದಳು. ಯಾಕ ಹಿಂಗ ಅಂದ್ರ, 'ನನಗೇನ ಗೊತ್ತು? ಬಂದದ್ದ ಬಂದೈತಲ್ಲ, ಕಿಟಕಿ ಪೂರಾ ತಗಿ' ಅಂದಳು."

ಒಂದೇ ಬಾಯಿ, ಒಂದೇ ಮುಂಜಾನೆ. ಗುಡ್ಡ ಬಂತು, ಗಡ್ಡೆ ಹೋಗಲಿಲ್ಲ. ನಾನು ನಂಬಿಕೆಯನ್ನು ತಕ್ಕಡಿಗೆ ಹಾಕಿ, ಅದು ಕಡಿಮೆ ಬಿದ್ದಿತೇ ಎಂದು ನೋಡುತ್ತ ಕೂತಿದ್ದೆ. ಅವಳಲ್ಲಿ ಕಡಿಮೆ ಬಿದ್ದಿರಲಿಲ್ಲ. ಯಾಕೋಬನ ಮಾತು ಮಾತ್ರ ಮೊದಲಿನಷ್ಟೇ ಗಟ್ಟಿಯಾಗಿ, ಮೊದಲಿನಷ್ಟೇ ಕಠಿಣವಾಗಿ ಹಾಗೇ ಉಳಿಯಿತು. ಅದರ ಅರ್ಥ ನನಗೆ ಇಂದಿಗೂ ಆಗಿಲ್ಲ.

"ಕುಸುಬಿ ಎಣ್ಣಿ..." ಎಂದೆ.

"ಅಯ್ಯ, ಅದನ್ನ ಬಿಡ್ರಿ. ತಲಿಗೆ ತಂಪ ಆತು ಅಂತಿದ್ದಳು." ಲೋವಿ ಮೂಗು ಒರೆಸಿಕೊಂಡು ಎದ್ದಳು. "ಗುಡ್ಡ ಹಂಗ ಇರ್ಲಿ ಅಂತೀರೇನು? ಅಕ್ಕ ಕರದದ್ದಂತ?"

ಇರಲಿ ಎಂದೇ ನನ್ನ ಮನಸ್ಸು ಅಂದಿತ್ತು. ಅವಳು ಕೊನೆಗೆ ಕರೆದದ್ದು ಅದೊಂದೇ. ಕೆಳಗಿನ ಓಣಿಯಿಂದ ಮಗ್ಗದ ಮರ ಕೀಳುವ ಸದ್ದು ಕೇಳುತ್ತಿತ್ತು. ಬಡಗಣ ದಿಕ್ಕಿಗೆ ಮೋಡ ಕಪ್ಪಾಗಿತ್ತು. ನಾನು ಚಪ್ಪಲಿ ಮೆಟ್ಟಿ ಹಿತ್ತಿಲ ಬಾಗಿಲು ತೆಗೆದೆ. ಅಪ್ಪಣೆಗೆ ಹಿರಿಯರನ್ನು ಕೂಡಿಸಲು ಹೊತ್ತಿರಲಿಲ್ಲ. ಕಟ್ಟಳೆ ಮೀರಿದ್ದು ಅದೇ ಮೊದಲು.

ಮೊದಲು ಕೈಗೆ ಸಿಕ್ಕಷ್ಟು ಕವಳಿ ಹಣ್ಣು ಕಿತ್ತು ರುಮಾಲಿನಲ್ಲಿ ಕಟ್ಟಿಕೊಂಡೆ. ಮುಳ್ಳು ತರಚಿತು. ಆಮೇಲೆ ಗುಡ್ಡಕ್ಕೆ ಎದುರಾಗಿ ನಿಂತೆ. ಪ್ರತಿಸಲ ಹೇಳುವ ಬರೆದ ಮಾತುಗಳು ನಾಲಿಗೆಯ ಮೇಲೆ ಇದ್ದವು. ಅವುಗಳ ಬದಲು, "ಇನ್ನ ಹೋಗವ್ವ, ಕೆರಿ ಆಚೆ ಹೋಗು. ಆಕಿ ನೋಡಿದಳು" ಎಂದೆ. ಹೋದರೆ ಏನು, ಹೋಗದಿದ್ದರೆ ಏನು ಎಂಬ ಲೆಕ್ಕ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಮಾಳಪ್ಪನ ಮಗ್ಗದ ಕುಣಿ ಮಾತ್ರ ಕಣ್ಣ ಮುಂದಿತ್ತು.

ಗುಡ್ಡ ಹೋಯಿತು. ಎಂದಿನಂತೆ ಸದ್ದಿಲ್ಲದೆ, ಮೇಲೆ ಮೇಯುತ್ತಿದ್ದ ಆಡುಗಳ ಸಮೇತ. ಅಂಚಿನಲ್ಲಿದ್ದ ಒಂದು ಆಡು ಮಾತ್ರ ನಮ್ಮ ಹಿತ್ತಿಲಿಗೆ ಜಿಗಿದು, ಲೋವಿ ಗಾಳಿಗೆಂದು ಕಿಟಕಿಯ ಸರಳಿಗೆ ಹರವಿದ್ದ ಸೀರೆಯ ಸೆರಗನ್ನು ಬಾಯಿಗೆ ಹಾಕಿತು. ಗುಡ್ಡವಿದ್ದ ಜಾಗದಲ್ಲಿ ಬಿಳಿಚಿದ ಹುಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಅದರಾಚೆ ಕೆಳಗಿನ ಓಣಿಯ ಜನ ಮಗ್ಗದ ಮರ ಹೊತ್ತುಕೊಂಡೇ ನಿಂತು ನೋಡುತ್ತಿದ್ದರು.

"ಮಾಸ್ತರ್ರ!" ಎಂದು ಮಾಳಪ್ಪ ಅಲ್ಲಿಂದಲೇ ಕೂಗಿದ. "ನಿಮ್ಮ ದೇವ್ರಿಗೆ ಒಂದ ಕಂಬಳಿ ಹೊಚ್ಚತೀನಿ, ಅಳತಿ ಹೇಳ್ರಿ!"

ಅಂದು ಸಂಜೆಯೇ ಮಳೆ ಸುರಿಯಿತು. ನೀರು ಕೆರೆಗೆ ಹೋಯಿತು. ನಾನು ಕೊಡೆ ಹಿಡಿದು ಅಯ್ಯನವರ ಮನೆಗೆ ಹೋಗಿ, ಭಾನುವಾರದ ಪಾಠ ನಾನೇ ಓದುತ್ತೇನೆ ಎಂದು ಹೇಳಿಬಂದೆ.

ನಮ್ಮ ದೇವಾಲಯದಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂಡುತ್ತಾರೆ. ಯೂನಿಕೆಯ ಜಾಗ ಎಡಗಡೆ, ಕಂಬದ ಪಕ್ಕ, ಲೋವಿಯ ಬಲಕ್ಕೆ. ಅವಳು ಹೋದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ. ಭಾನುವಾರ ನಾನು ಮೇಜಿನ ಮುಂದೆ ನಿಂತು ಯಾಕೋಬನ ಪತ್ರದ ಐದನೆಯ ಅಧ್ಯಾಯ ಓದಿದೆ. ಹಿರಿಯರು, ಎಣ್ಣೆ, ನಂಬಿಕೆಯ ಪ್ರಾರ್ಥನೆ, ಎಲ್ಲವನ್ನೂ ಬರೆದಂತೆ, ಒಂದು ಮಾತನ್ನೂ ತಗ್ಗಿಸದೆ ಓದಿದೆ. ಸಭೆಯವರು ತಲೆ ಎತ್ತಲಿಲ್ಲ. ಓದಿ ಮುಗಿಸಿ ಪುಸ್ತಕ ಮುಚ್ಚಿ, ಕಟ್ಟಳೆಯ ಪ್ರಕಾರ ಇನ್ನೊಂದು ಕೆಲಸವಿದೆ ಎಂದೆ.

"ಹಿರಿಯರ ಅಪ್ಪಣೆ ಇಲ್ಲದೆ ಗುಡ್ಡವನ್ನು ಕರೆದವರು ಯೂನಿಕೆ, ಎಲ್ಕಾನ ಮಾಸ್ತರನ ಹೆಂಡತಿ. ಅಪ್ಪಣೆ ಇಲ್ಲದೆ ಕಳಿಸಿದವನು ಎಲ್ಕಾನ."

ಅಯ್ಯನವರು ನನ್ನ ಮುಖ ನೋಡಿದರು. ಏನಾದರೂ ಹೇಳುತ್ತಾರೇನೋ ಎಂದುಕೊಂಡೆ. ಅವರು ಕೀರ್ತನೆಯ ಪುಸ್ತಕ ತೆರೆದು, ಎಲ್ಲಕ್ಕಿಂತ ಉದ್ದನೆಯ ಕೀರ್ತನೆಯ ಸಂಖ್ಯೆ ಹೇಳಿದರು.

ಹೆಸರು ಬಂದವರು ತಮ್ಮ ಜಾಗದಲ್ಲಿ ನಿಲ್ಲಬೇಕು. ನಾನು ಮೆಟ್ಟಿಲಿಳಿದು ಎಡಗಡೆಗೆ ಹೋಗಿ, ಕಂಬದ ಪಕ್ಕ, ಅವಳ ಜಾಗದಲ್ಲಿ ನಿಂತೆ.

"ಭಾವ," ಎಂದು ಲೋವಿ ಪಿಸುಗುಟ್ಟಿದಳು, "ಇದು ಹೆಂಗಸರ ಕಡೆ."

"ಗೊತ್ತೈತಿ."

"ನಿಮ್ಮ ಜಾಗ ಅತ್ತಾಗ."

"ಮೊದಲ ಆಕೀದು ಮುಗೀಲಿ. ನಂದು ಮುಂದಿನ ವಾರ ನಿಲ್ತೀನಿ."

ಲೋವಿ ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳ ಭುಜ ಅಲುಗುತ್ತಿದ್ದವು. ಈ ಸಲ ಅದು ನಗುವೆಂದು ನನಗೆ ತಿಳಿಯಿತು. ಅವಳು ಪುಸ್ತಕವನ್ನು ನನ್ನ ಕಡೆ ಸರಿಸಿ ಹಿಡಿದಳು. ಕಡೆಯ ಚರಣದ ತನಕ ನಿಂತು ಹಾಡಿದೆ.